ಸ್ಕ್ಯಾನರ್ ಎಲ್ಲರ ಕೈಗೂ ಬಂತು, ಸಾಲ ಯಾಕೆ ಬರಲಿಲ್ಲ?

ಉಡುಪಿ, ಮಲ್ಪೆ, ಮಂಗಳೂರಿನ ಮೀನು ಮಾರ್ಕೆಟ್‌ಗಳಲ್ಲಿ ಈಗ ಚಿಲ್ಲರೆಗಾಗಿ ಪರದಾಟ ಇಲ್ಲ. ಬಂಗುಡೆ ಚೀಲಕ್ಕೆ ಬಿದ್ದ ಕೂಡಲೇ ಫೋನ್ ಹೊರಗೆ ಬರುತ್ತದೆ. ಐಸ್ ಪೆಟ್ಟಿಗೆಗೆ ಅಂಟಿಸಿದ ಸ್ಕ್ಯಾನರಿಗೆ ಹಿಡಿದರೆ ಆಯಿತು, ಪಕ್ಕದಲ್ಲಿಟ್ಟ ಪುಟ್ಟ ಸ್ಪೀಕರ್ ಎಷ್ಟು ಬಂತು ಅಂತ ಕೂಗಿ ಹೇಳುತ್ತದೆ. ಅಕ್ಷರ ಓದಲು ಬಾರದ ಹೆಂಗಸರೂ ಇದನ್ನು ನಂಬಿ ವ್ಯಾಪಾರ ಮಾಡುತ್ತಾರೆ.

ಇದು ಸಣ್ಣ ವಿಷಯ ಅಲ್ಲ. ಯುಪಿಐ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. 2023ರ ಆಗಸ್ಟ್‌ನಲ್ಲಿ ಒಂದೇ ತಿಂಗಳಿಗೆ 1,000 ಕೋಟಿ ವಹಿವಾಟು ದಾಟಿತು. ಮತ್ತೆರಡು ವರ್ಷದಲ್ಲಿ, 2025ರ ಆಗಸ್ಟ್‌ಗೆ, ಅದು 2,000 ಕೋಟಿಯಾಯಿತು. ಜನಧನ ಯೋಜನೆ 2014ರ ಆಗಸ್ಟ್‌ನಲ್ಲಿ ಬಂತು. ಒಂಬತ್ತು ವರ್ಷದಲ್ಲಿ 50 ಕೋಟಿಗೂ ಜಾಸ್ತಿ ಖಾತೆಗಳು ತೆರೆದವು. ವಿಶ್ವಬ್ಯಾಂಕಿನ ಲೆಕ್ಕದಲ್ಲಿ 2011ರಲ್ಲಿ ನಮ್ಮ ದೇಶದ ನೂರು ವಯಸ್ಕರಲ್ಲಿ 35 ಜನರಿಗೆ ಮಾತ್ರ ಖಾತೆ ಇತ್ತು. 2021ಕ್ಕೆ ಅದು 78 ಆಗಿತ್ತು.

ಆದರೆ ಮಾರ್ಕೆಟ್‌ನಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ. “ಅಕ್ಕ, ಈ ದುಡ್ಡು ಯಾರ ಖಾತೆಗೆ ಹೋಗ್ತದೆ?” ಕೆಲವರು “ನನ್ನದಕ್ಕೇ” ಅನ್ನುತ್ತಾರೆ. “ಮಗನದಕ್ಕೆ”, “ಅಳಿಯನ ಫೋನಿಗೆ” ಅನ್ನುವವರೂ ಸಿಗುತ್ತಾರೆ. ಸ್ಕ್ಯಾನರ್ ಹಾಕಿಸುವಾಗ ಒಳ್ಳೆಯ ಫೋನ್ ಇದ್ದದ್ದು ಮಗನ ಹತ್ತಿರ. ಹಾಗಾಗಿ ಅವನ ನಂಬರು, ಅವನ ಖಾತೆ. ಮಗ ಒಳ್ಳೆಯವನೇ ಇರಬಹುದು, ಸಂಜೆ ದುಡ್ಡು ತೆಗೆದು ಕೊಡಲೂಬಹುದು. ಆದರೂ ಬೆಳಗ್ಗೆ ನಾಲ್ಕಕ್ಕೆ ಎದ್ದು ಬಂದರಿನ ಧಕ್ಕೆಗೆ ಹೋಗಿ, ಏಲಂನಲ್ಲಿ ಮೀನು ಕೊಂಡು, ಬಿಸಿಲಲ್ಲಿ ಕೂತು ಮಾರಿದವರ ಹೆಸರಲ್ಲಿ ಒಂದು ರೂಪಾಯಿಯ ವ್ಯಾಪಾರವೂ ದಾಖಲಾಗುವುದಿಲ್ಲ. ನಾಳೆ ಅವರು ಬ್ಯಾಂಕಿಗೆ ಹೋಗಿ ಸಾಲ ಕೇಳಿದರೆ ತೋರಿಸಲು ಏನೂ ಇಲ್ಲ.

ನನ್ನ ವಾದ ಇಷ್ಟೇ. ಹಣ ಕೊಡುವ, ತೆಗೆದುಕೊಳ್ಳುವ ಕೆಲಸವನ್ನು ತಂತ್ರಜ್ಞಾನ ಬಹಳ ಚೆನ್ನಾಗಿ ಮಾಡಿದೆ. ಬಡವರಿಗೆ ಅದಕ್ಕಿಂತ ಹೆಚ್ಚು ಬೇಕಾದದ್ದು ಉಳಿತಾಯ, ನ್ಯಾಯವಾದ ಬಡ್ಡಿಗೆ ಸಾಲ, ತೊಂದರೆಯಾದಾಗ ಕೇಳುವ ಒಬ್ಬ ಮನುಷ್ಯ. ಈ ಮೂರೂ ಇನ್ನೂ ಹಿಂದೆ ಉಳಿದಿವೆ. ಇದು ಕರಾವಳಿಯವರಿಗೆ ಬೇಗ ಅರ್ಥವಾಗಬೇಕು, ಯಾಕೆಂದರೆ ಈ ಮೂರನ್ನೂ ನೂರು ವರ್ಷದ ಹಿಂದೆ ಇಲ್ಲಿಯವರೇ ಮಾಡಿ ತೋರಿಸಿದ್ದರು.

ಪಿಗ್ಮಿ ಪುಸ್ತಕದ ಲೆಕ್ಕ

1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕ್ ಕಟ್ಟಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು ಶುರು ಮಾಡಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಬ್ಯಾಂಕ್. ಉಡುಪಿಯೂ ಸೇರಿದ್ದ ಆಗಿನ ಒಂದೇ ಜಿಲ್ಲೆಯಿಂದ ಇಷ್ಟು ಬ್ಯಾಂಕ್ ಹುಟ್ಟಿದ ಕತೆ ಇಲ್ಲಿ ಎಲ್ಲರಿಗೂ ಗೊತ್ತು. ನಾವು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವು ಬಡವರನ್ನು ತಲುಪಿದ್ದು ಹೇಗೆ ಅನ್ನುವುದರ ಬಗ್ಗೆ ಮಾತ್ರ ಅಷ್ಟು ಮಾತಾಡುವುದಿಲ್ಲ.

1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು. ಬ್ಯಾಂಕಿಗೆ ಹೋಗಬೇಕಾಗಿಯೂ ಇರಲಿಲ್ಲ, ಏಜೆಂಟರೇ ಅಂಗಡಿಗೆ, ಮನೆಗೆ ಬರುತ್ತಿದ್ದರು. ಇವತ್ತಿಗೂ ಉಡುಪಿಯ ರಥಬೀದಿ ಸುತ್ತಲಿನ ಅಂಗಡಿಗಳಲ್ಲಿ, ಮಂಗಳೂರಿನ ಸೆಂಟ್ರಲ್ ಮಾರ್ಕೆಟ್ ಕಡೆ “ಪಿಗ್ಮಿಯವರು ಬಂದ್ರು” ಅನ್ನುವ ಮಾತು ಕೇಳಿಸುತ್ತದೆ. ಈಗ ಅವರ ಕೈಯಲ್ಲಿ ಪುಟ್ಟ ಮೆಷಿನ್ ಅಥವಾ ಆ್ಯಪ್ ಇರುತ್ತದೆ. ಹೆಚ್ಚಿನವರು ಸೊಸೈಟಿಗಳ ಪರವಾಗಿ ಬರುತ್ತಾರೆ.

ಪಿಗ್ಮಿಯನ್ನು ಬರೀ ಉಳಿತಾಯ ಅಂತ ನೋಡಿದರೆ ಅರ್ಧ ಮಾತ್ರ ಕಂಡಂತೆ. ದಿನಾ ಐವತ್ತು ರೂಪಾಯಿ ಕಟ್ಟುವ ಹೋಟೆಲಿನವರ ಪಾಸ್‌ಪುಸ್ತಕ ತೆರೆದರೆ ಯಾವ ತಿಂಗಳು ವ್ಯಾಪಾರ ಚೆನ್ನಾಗಿತ್ತು, ಯಾವಾಗ ಕುಸಿಯಿತು ಎಲ್ಲ ಕಾಣುತ್ತದೆ. ಆ ಪುಸ್ತಕದ ಬಲದ ಮೇಲೆ ಸಾಲ ಸಿಗುತ್ತಿತ್ತು. ಏಜೆಂಟರಿಗೆ ಅವರ ಮನೆಯ ಪರಿಸ್ಥಿತಿಯೂ ಗೊತ್ತು. ಮಗಳ ಮದುವೆಯೋ, ಆಸ್ಪತ್ರೆಯೋ ಅಂತ ಮ್ಯಾನೇಜರರಿಗೆ ಒಂದು ಮಾತು ಹೇಳುತ್ತಿದ್ದರು. ಇವತ್ತು ಫೋನಿನಲ್ಲೇ ಹಣದ ಸೇವೆ ಕೊಡುವ ಫಿನ್‌ಟೆಕ್ ಕಂಪೆನಿಗಳು “ವಹಿವಾಟು ನೋಡಿ ಸಾಲ” ಅಂತ ಹೇಳುವುದು ಇದೇ ಕೆಲಸವನ್ನು.

ಆ ಏಜೆಂಟರ ಬದುಕು ಸುಲಭ ಇರಲಿಲ್ಲ ಅನ್ನುವುದನ್ನೂ ಹೇಳಲೇಬೇಕು. ಕಮಿಷನ್ ಮೇಲೆ ದುಡಿದ ಅವರು ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿದರು. ಅವರೂ ಕಾರ್ಮಿಕರೇ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. ಮನೆಬಾಗಿಲಿಗೆ ಬ್ಯಾಂಕ್ ತರುವ ಮನುಷ್ಯನಿಗೆ ಎಷ್ಟು ಕೊಡಬೇಕು ಅನ್ನುವ ಪ್ರಶ್ನೆ ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕೊಡುವ ಇವತ್ತಿನ ಬ್ಯಾಂಕ್ ಮಿತ್ರರ ವಿಷಯದಲ್ಲೂ ಹಾಗೇ ಇದೆ.

ಫೋನು ಪಿಗ್ಮಿಯ ಯಾವ ಭಾಗವನ್ನು ತೆಗೆದುಕೊಂಡಿತು, ಯಾವುದನ್ನು ಬಿಟ್ಟಿತು? ಸಣ್ಣ ಮೊತ್ತದ ವಹಿವಾಟು ಸಾಧ್ಯ ಅನ್ನುವುದನ್ನು ತೆಗೆದುಕೊಂಡಿತು. ಆದರೆ ಪಿಗ್ಮಿಯವರು ಬಂದಾಗ ಹಣ ಕೈಯಿಂದ ಖಾತೆಗೆ ಹೋಗುತ್ತಿತ್ತು. ಫೋನಿನಲ್ಲಿ ಹಣ ಖಾತೆಯಿಂದ ಹೊರಗೆ ಹೋಗುವುದು ಸಲೀಸಾಯಿತು. ರೀಚಾರ್ಜ್, ಆನ್‌ಲೈನ್ ಶಾಪಿಂಗ್, ಕಂತು, ಎಲ್ಲಕ್ಕೂ ಬೆರಳು ಒತ್ತಿದರೆ ಸಾಕು. ದಿನಕ್ಕೆ ಐವತ್ತು ರೂಪಾಯಿ ಎತ್ತಿಡುವ ದಾರಿ ಆ್ಯಪ್‌ಗಳಲ್ಲೂ ಇದೆ, ಇಲ್ಲ ಅಂತಲ್ಲ. ಆದರೆ ಅದನ್ನು ಹುಡುಕಿ ಹೋಗಬೇಕು. “ಇವತ್ತು ಕಟ್ಲಿಲ್ವಾ?” ಅಂತ ಬಾಗಿಲಲ್ಲಿ ನಿಂತು ಕೇಳುವವರು ಯಾರೂ ಇಲ್ಲ.

ಇನ್ನು ಬ್ಯಾಂಕಿನ ಕಡೆ ಏನಾಯಿತು? ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಕೆನರಾಕ್ಕೂ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೂ ಹೋದವು. ಐಎಫ್‌ಎಸ್‌ಸಿ ಕೋಡ್, ಪಾಸ್‌ಪುಸ್ತಕ, ಚೆಕ್ ಪುಸ್ತಕ ಬದಲಾದವು. ಒಂದೇ ರಸ್ತೆಯಲ್ಲಿದ್ದ ಎರಡು ಶಾಖೆಗಳು ಒಂದಾದವು. ಕೌಂಟರಿನಲ್ಲಿ ತುಳುವಿನಲ್ಲೋ ಕೊಂಕಣಿಯಲ್ಲೋ ಮಾತಾಡುತ್ತಿದ್ದ ಪರಿಚಯದ ಮುಖಗಳು ಕಡಿಮೆಯಾದವು. ಇದೆಲ್ಲ ನಡೆದದ್ದು ಫೋನು ಬ್ಯಾಂಕಿನ ಜಾಗ ಹಿಡಿಯುತ್ತಿದ್ದ ಅದೇ ವರ್ಷಗಳಲ್ಲಿ.

ಸಾಲದ ಕತೆ

ಉಡುಪಿ ಜಿಲ್ಲೆಯಲ್ಲಿ ಠೇವಣಿ ಧಾರಾಳವಾಗಿದೆ. ಮುಂಬೈ, ಗಲ್ಫ್‌ನಿಂದ ಬರುವ ಹಣ ಅದಕ್ಕೆ ದೊಡ್ಡ ಕಾರಣ. ಆದರೆ ಆ ಠೇವಣಿಗೆ ಹೋಲಿಸಿದರೆ ಜಿಲ್ಲೆಯೊಳಗೆ ಕೊಡುವ ಸಾಲ ಕಡಿಮೆ. ಬ್ಯಾಂಕರ್‌ಗಳ ಸಭೆಗಳಲ್ಲಿ ಈ ಮಾತು ಪದೇ ಪದೇ ಬರುತ್ತದೆ. ಅಂದರೆ ನಮ್ಮ ಹಣ ಬ್ಯಾಂಕಿನಲ್ಲಿದೆ, ನಮ್ಮೂರಿನ ಸಣ್ಣ ವ್ಯಾಪಾರಿಯ ಕೈಗೆ ಅದು ಸಾಲವಾಗಿ ಬರುತ್ತಿಲ್ಲ.

ಆ ಖಾಲಿ ಜಾಗವನ್ನು ತುಂಬಿದ್ದು ಯಾರು? ಬಹುಮಟ್ಟಿಗೆ ಸ್ವಸಹಾಯ ಸಂಘಗಳು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಿಂದ ಇದೆ. ಇಲ್ಲಿಯ ಜಿಲ್ಲಾ ಸಹಕಾರಿ ಬ್ಯಾಂಕಾದ ಎಸ್‌ಸಿಡಿಸಿಸಿ ಬ್ಯಾಂಕಿನ ಜೊತೆ ಬೆಳೆದ ನವೋದಯ ಸಂಘಗಳಿವೆ. ಅದಲ್ಲದೆ ಚಿನ್ನ ಅಡವಿಟ್ಟು ತರುವ ಸಾಲ, ಚೀಟಿ, ಊರ ಸೊಸೈಟಿ. ಈಗ ಇವುಗಳ ಸಾಲಿಗೆ ಫೋನಿನ ಸಾಲ ಸೇರಿದೆ.

ಫೋನಿನ ಸಾಲದಲ್ಲಿ ಒಳ್ಳೆಯದೂ ಇದೆ. 2021ರಲ್ಲಿ ಶುರುವಾದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆಯಲ್ಲಿ ನಿಮ್ಮ ಒಪ್ಪಿಗೆ ಪಡೆದು, ಸಾಲ ಕೊಡುವವರು ನಿಮ್ಮ ಖಾತೆಯ ವಹಿವಾಟನ್ನು ನೇರವಾಗಿ ನೋಡಬಹುದು. ಅಡವಿಡಲು ಜಾಗ ಇಲ್ಲದ, ಸಂಬಳದ ಚೀಟಿ ಇಲ್ಲದ ಒಬ್ಬ ಟೈಲರ್ ತನ್ನ ಯುಪಿಐ ಲೆಕ್ಕ ತೋರಿಸಿಯೇ ಸಾಲ ಪಡೆಯಬಹುದು. ಪಿಗ್ಮಿ ಪುಸ್ತಕ ಮಾಡುತ್ತಿದ್ದ ಕೆಲಸವೇ ಇದು, ಇನ್ನೂ ವೇಗವಾಗಿ. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಲೆಕ್ಕ ಯಾರ ಹೆಸರಲ್ಲಿದೆಯೋ ಸಾಲವೂ ಅವರಿಗೇ ಸಿಗುವುದು. ಮೀನು ಮಾರುವ ತಾಯಿಯ ವ್ಯಾಪಾರ ನೋಡಿ ಸಾಲದ ಮೆಸೇಜ್ ಬರುವುದು ಮಗನ ಫೋನಿಗೆ.

ಕೆಟ್ಟದ್ದರ ಲೆಕ್ಕವನ್ನು ಬಿಡಿಸಿಯೇ ನೋಡೋಣ. ಯಾವುದೋ ಆ್ಯಪ್ 5,000 ರೂಪಾಯಿ ಸಾಲ ಅಂತ ಹೇಳುತ್ತದೆ. ಪ್ರೊಸೆಸಿಂಗ್ ಅದು ಇದು ಅಂತ ಮೊದಲೇ 1,500 ಹಿಡಿದುಕೊಂಡು 3,500 ಹಾಕುತ್ತದೆ. ಏಳು ದಿನಕ್ಕೆ 5,000 ವಾಪಸ್ ಕಟ್ಟಬೇಕು. ಅಂದರೆ ಕೈಗೆ ಬಂದ ಪ್ರತಿ ನೂರು ರೂಪಾಯಿಗೆ ಒಂದು ವಾರಕ್ಕೆ ಸುಮಾರು 43 ರೂಪಾಯಿ ಬಡ್ಡಿ. ಮೀಟರ್ ಬಡ್ಡಿಯವರೂ ಇಷ್ಟು ಕೇಳುವುದಿಲ್ಲ. ಕಟ್ಟದಿದ್ದರೆ ಫೋನಿನಲ್ಲಿರುವ ನಂಬರುಗಳಿಗೆಲ್ಲ ಕರೆ, ಫೋಟೋ ತಿದ್ದಿ ಕಳಿಸುವ ಬೆದರಿಕೆ. ರಿಸರ್ವ್ ಬ್ಯಾಂಕಿನ ಕಾರ್ಯತಂಡವೊಂದು 2021ರಲ್ಲಿ ನೋಡಿದಾಗ ಆ್ಯಪ್ ಸ್ಟೋರ್‌ಗಳಲ್ಲಿದ್ದ ಸುಮಾರು 1,100 ಸಾಲದ ಆ್ಯಪ್‌ಗಳಲ್ಲಿ 600ರಷ್ಟು ಕಾನೂನುಬಾಹಿರವಾಗಿದ್ದವು.

ಆಮೇಲೆ ನಿಯಮ ಬಂತು. 2022ರ ಸೆಪ್ಟೆಂಬರ್‌ನ ಮಾರ್ಗಸೂಚಿಯ ಪ್ರಕಾರ ಸಾಲದ ಹಣ ನೇರವಾಗಿ ಪಡೆದವರ ಖಾತೆಗೇ ಬರಬೇಕು. ಒಟ್ಟು ಖರ್ಚು ಎಷ್ಟು ಅಂತ ಒಂದೇ ಹಾಳೆಯಲ್ಲಿ ಮೊದಲೇ ತಿಳಿಸಬೇಕು. ಬೇಡ ಅನ್ನಿಸಿದರೆ ದಂಡವಿಲ್ಲದೆ ವಾಪಸ್ ಕೊಡಲು ಸ್ವಲ್ಪ ಸಮಯ ಕೊಡಬೇಕು. ನಮ್ಮ ರಾಜ್ಯವೂ 2025ರ ಫೆಬ್ರವರಿಯಲ್ಲಿ ಕಿರುಸಾಲ ವಸೂಲಿಯ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಒಳ್ಳೆಯ ಹೆಜ್ಜೆಗಳೇ. ಆದರೆ ಆ ಒಂದು ಹಾಳೆ ಕಷ್ಟದ ಇಂಗ್ಲಿಷಿನಲ್ಲಿ, ಫೋನಿನ ಸಣ್ಣ ಪರದೆ ಮೇಲೆ ಬಂದರೆ ಓದುವವರು ಯಾರು? ಓದಲಾಗದವರು ಕೆಳಗಿನ ಬಟನ್ ಒತ್ತಿಬಿಡುತ್ತಾರೆ.

ಜೂನ್ ತಿಂಗಳ ಕಂತು

ಇದಕ್ಕಿಂತ ನನಗೆ ಹೆಚ್ಚು ಕಾಡುವುದು ಕಾನೂನುಬದ್ಧ ಸಾಲವೇ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆಯಲ್ಲಿ ಬೋಟುಗಳು ಸಾಲಾಗಿ ನಿಂತುಬಿಡುತ್ತವೆ. ಆಗ ಬೋಟಿನ ಕಲಾಸಿಗಳಿಗೆ ಕೆಲಸ ಇಲ್ಲ, ಐಸ್ ಪ್ಲಾಂಟ್ ಅರ್ಧ ಮುಚ್ಚಿರುತ್ತದೆ, ಮೀನು ಹೊರುವವರಿಗೆ, ಬಿಡಿಸುವವರಿಗೆ ಸಂಪಾದನೆ ಇಲ್ಲ. ಅದೇ ಹೊತ್ತಿಗೆ ಶಾಲೆ ಫೀಸು, ಮಳೆಗಾಲದ ಸಾಮಾನು, ಮಾಡು ಸೋರಿದರೆ ರಿಪೇರಿ.

ಫೋನಿನ ಸಾಲಕ್ಕೆ ಇದು ಗೊತ್ತಿಲ್ಲ. ಜೂನ್ 5ಕ್ಕೂ ಕಂತು ಖಾತೆಯಿಂದ ತಾನಾಗಿ ಹೋಗಬೇಕು. ಹಣ ಇಲ್ಲದಿದ್ದರೆ ಬೌನ್ಸ್. ಬ್ಯಾಂಕಿನವರದು ಒಂದು ಚಾರ್ಜ್, ಸಾಲ ಕೊಟ್ಟವರದು ಇನ್ನೊಂದು. ಅದೇ ವಾರ ಗೃಹಲಕ್ಷ್ಮಿಯ 2,000 ರೂಪಾಯಿ ಆ ಖಾತೆಗೆ ಬಿದ್ದರೆ ಅದರಿಂದಲೂ ಚಾರ್ಜ್ ಮುರಿದುಕೊಳ್ಳುವುದುಂಟು. ಜೊತೆಗೆ ಕ್ರೆಡಿಟ್ ಸ್ಕೋರ್ ಇಳಿಯುತ್ತದೆ. ಆಗಸ್ಟ್‌ನಲ್ಲಿ ಬೋಟು ಇಳಿದು ಕೈಯಲ್ಲಿ ದುಡ್ಡು ಆಡುವ ಹೊತ್ತಿಗೆ ಅವರು ಬ್ಯಾಂಕಿನ ಕಣ್ಣಲ್ಲಿ ಸಾಲ ಕಟ್ಟದವರು. ತಪ್ಪು ಅವರದ್ದಲ್ಲ. ಸಮುದ್ರದ ವರ್ಷಕ್ಕೂ ಆ್ಯಪಿನ ತಿಂಗಳಿಗೂ ಹೊಂದಾಣಿಕೆ ಆಗಲಿಲ್ಲ, ಅಷ್ಟೆ.

ಕೆಲವು ಪೇಮೆಂಟ್ ಕಂಪೆನಿಗಳು ಅಂಗಡಿಯವರಿಗೆ ಕೊಡುವ ಸಾಲದಲ್ಲಿ ದಿನಕ್ಕಿಷ್ಟು ಅಂತ ಮುರಿದುಕೊಳ್ಳುತ್ತವೆ. ಸಣ್ಣ ಸಣ್ಣ ಕಂತು, ಭಾರ ಅನ್ನಿಸುವುದಿಲ್ಲ. ಆದರೆ ಜುಲೈಯಲ್ಲಿ ರೆಡ್ ಅಲರ್ಟ್ ಬಂದು ಮೂರು ದಿನ ಅಂಗಡಿ ತೆರೆಯದಿದ್ದರೆ? ದಿನದ ಕಂತು ದಿನದ ವ್ಯಾಪಾರದ ಇಷ್ಟು ಪಾಲು ಅಂತ ಇದ್ದರೆ ಸರಿ. ದಿನಕ್ಕೆ ಇಷ್ಟೇ ರೂಪಾಯಿ ಅಂತ ಗಟ್ಟಿ ಇದ್ದರೆ ಮಳೆಯ ನಷ್ಟವೆಲ್ಲ ಅಂಗಡಿಯವರ ತಲೆ ಮೇಲೆ. ಸಾಲ ಕೊಡುವವರ ಕಂಪ್ಯೂಟರಿನಲ್ಲಿ ಆ ಸ್ಕ್ಯಾನರಿನ ವರ್ಷದ ಪೂರ್ತಿ ಲೆಕ್ಕ ಇರುತ್ತದೆ. ಜೂನ್, ಜುಲೈಯಲ್ಲಿ ವ್ಯಾಪಾರ ಬೀಳುತ್ತದೆ ಅಂತ ಅವರಿಗೆ ಕಾಣುತ್ತದೆ. ಸಾಲ ಕೊಡಬಹುದೋ ಅಂತ ನೋಡಲು ಆ ಲೆಕ್ಕ ಬೇಕು, ಕಂತು ಯಾವಾಗ ಕಟ್ಟಿಸಬೇಕು ಅಂತ ನೋಡಲು ಬೇಡ. ಇದು ನ್ಯಾಯ ಅಲ್ಲ.

ಬೆರಳಚ್ಚು ಮತ್ತು ನೋಟಿಸು

ಬೀಡಿ ಕಟ್ಟಿ ಕಟ್ಟಿ ಬೆರಳ ತುದಿ ಸವೆದ ಅಜ್ಜಿಯಂದಿರು ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿದ್ದಾರೆ. ಪಿಂಚಣಿ ತೆಗೆಯಲು ಬ್ಯಾಂಕ್ ಮಿತ್ರರ ಮೆಷಿನ್ ಮೇಲೆ ಬೆರಳು ಇಟ್ಟರೆ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಒರೆಸಿ, ಒತ್ತಿ, ಇನ್ನೊಂದು ಬೆರಳು ನೋಡಿ. ಮೆಷಿನ್ ಹಿಡಿದರೂ ಬೆಳ್ತಂಗಡಿ, ಸುಳ್ಯದ ಗುಡ್ಡದ ಕಡೆ ನೆಟ್‌ವರ್ಕ್ ಕೈಕೊಡುತ್ತದೆ. ಇಷ್ಟೆಲ್ಲ ಇದ್ದರೂ ಇಂಥ ಅಜ್ಜಿಯರಿಗೆ ಇದು ನಿಜವಾದ ಉಪಕಾರ. ಬಸ್ಸು ಹಿಡಿದು ಪೇಟೆಗೆ ಹೋಗುವುದು ತಪ್ಪಿತು. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ 2018ರಲ್ಲಿ ಬಂದ ಮೇಲೆ ಪೋಸ್ಟ್‌ಮ್ಯಾನ್ ಕೂಡ ಮನೆಗೇ ಬಂದು ಹಣ ಕೊಡಬಲ್ಲರು.

ಆದರೆ ಅದೇ ಬೆರಳಚ್ಚು ಕಳ್ಳರಿಗೂ ಬಾಗಿಲು ತೆರೆಯಿತು. 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿ ಬಂದವರ ಖಾತೆಗಳಿಂದ ಹಣ ಹೋದ ದೂರುಗಳು ಒಂದರ ಹಿಂದೆ ಒಂದು ಬಂದವು. ಒಟಿಪಿ ಕೇಳಲಿಲ್ಲ, ಯಾರೂ ಫೋನ್ ಮಾಡಲಿಲ್ಲ. ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆಗೆ ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಸಾಕು, ಒಂದು ಸಲಕ್ಕೆ 10,000 ರೂಪಾಯಿ ತನಕ ತೆಗೆಯಬಹುದು. ದಾಖಲೆಗಳ ಮೇಲಿನ ಬೆರಳಚ್ಚನ್ನು ನಕಲು ಮಾಡಿ ಹೀಗೆ ಹಣ ದೋಚುತ್ತಿದ್ದರು. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಬೆರಳನ್ನು ಬದಲಿಸಲು ಆಗ್ತದಾ? ಎಂ-ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವ ದಾರಿ ಇದೆ. ಬೆರಳಚ್ಚಿನಿಂದ ಹಣ ತೆಗೆಯುವ ಸೌಲಭ್ಯ ತಮ್ಮ ಖಾತೆಗೆ ಇದೆ ಅಂತಲೇ ಗೊತ್ತಿಲ್ಲದವರಿಗೆ ಅದನ್ನು ಲಾಕ್ ಮಾಡಬೇಕು ಅಂತ ಗೊತ್ತಿರುವುದು ಹೇಗೆ? ಕೇಳಿದವರಿಗೆ ಮಾತ್ರ ತೆರೆದು ಕೊಡುವುದು ಸರಿಯಾದ ಕ್ರಮ. ಹಣ ಕೊಡುವ ಏಜೆಂಟರನ್ನು ಸರಿಯಾಗಿ ಪರಿಶೀಲಿಸಬೇಕು ಅಂತ ರಿಸರ್ವ್ ಬ್ಯಾಂಕ್ 2025ರಲ್ಲಿ ಹೊಸ ನಿಯಮ ಮಾಡಿದೆ. ತಡವಾಗಿಯಾದರೂ ಬಂತು.

ಒಪ್ಪಿಗೆ ಇಲ್ಲದೆ ಹಣ ದಾರಿ ತಪ್ಪಿದ ಹಳೆಯ ಉದಾಹರಣೆಯೂ ಇದೆ. 2017ರಲ್ಲಿ ಸಿಮ್‌ಗೆ ಆಧಾರ್ ಜೋಡಿಸಲು ಹೋದವರ ಹೆಸರಿನಲ್ಲಿ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು, ಗ್ಯಾಸ್ ಸಬ್ಸಿಡಿ ಅಲ್ಲಿಗೆ ಹೋಗಿತ್ತು. ಸರಕಾರದ ಹಣ ಆಧಾರ್‌ಗೆ ಕೊನೆಗೆ ಜೋಡಿಸಿದ ಖಾತೆಗೆ ಬರುವುದರಿಂದ ಈ ಗೊಂದಲ. ಗೃಹಲಕ್ಷ್ಮಿ ಹಣ ಬರಲಿಲ್ಲ ಅಂತ ಅಲೆಯುವವರಿಗೆ ಇವತ್ತೂ ಮೊದಲು ಹೇಳುವ ಮಾತು “ಆಧಾರ್ ಸೀಡಿಂಗ್ ಚೆಕ್ ಮಾಡಿಸಿ” ಅಂತ. ಎಲ್ಲಿ, ಯಾರ ಹತ್ತಿರ ಅನ್ನುವುದನ್ನು ಹೇಳುವವರು ಕಡಿಮೆ.

ಇನ್ನು ತೆರಿಗೆಯ ಭಯ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದ ನೋಟಿಸಿನಲ್ಲಿ ಸುಮಾರು 29 ಲಕ್ಷ ರೂಪಾಯಿ ತೆರಿಗೆ ಕೇಳಿದ್ದರು. ಬೆಂಗಳೂರಿನಲ್ಲಿ ಅಂಗಡಿಯವರು ಸ್ಕ್ಯಾನರ್ ಕಿತ್ತು “ಕ್ಯಾಶ್ ಮಾತ್ರ” ಅಂತ ಬೋರ್ಡ್ ಹಾಕಿದರು. ಸರಕುಗಳಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಅಂದರೆ ದಿನಕ್ಕೆ ಸುಮಾರು 11,000 ರೂಪಾಯಿ ವ್ಯಾಪಾರ. ಲಾಭ ಅಲ್ಲ, ಬರೀ ವ್ಯಾಪಾರ. ದಾರಿಬದಿಯ ಒಂದು ದಿನಸಿ ಅಂಗಡಿಯೂ ಇದನ್ನು ಮುಟ್ಟಬಹುದು. ಹಸಿ ಮೀನಿಗೆ, ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಅದು ಗೊತ್ತಿಲ್ಲದ ವ್ಯಾಪಾರಿಗೆ ಕಾಣುವುದು ನೋಟಿಸು ಮಾತ್ರ. ಹಳೆಯ ಬಾಕಿಗೆ ಒತ್ತಾಯ ಮಾಡುವುದಿಲ್ಲ ಅಂತ ಸರಕಾರ ಆಮೇಲೆ ಹೇಳಿತು. ಆದರೆ ಸ್ಕ್ಯಾನರ್ ಅಂದರೆ ತೆರಿಗೆ ಅನ್ನುವ ಭಯ ಉಳಿಯಿತು. ತನ್ನ ವಹಿವಾಟಿನ ಲೆಕ್ಕ ತನಗೆ ಸಾಲ ತರುವ ಮೊದಲೇ ನೋಟಿಸು ತಂದರೆ ಯಾರಿಗೆ ತಾನೇ ಧೈರ್ಯ ಬರುತ್ತದೆ?

ಹಾಗಾದರೆ ಏನು ಮಾಡಬಹುದು

ಇವುಗಳಿಗೆ ಹೊಸ ಆ್ಯಪ್ ಏನೂ ಬೇಕಾಗಿಲ್ಲ. ಸ್ಕ್ಯಾನರ್ ಕೊಡಲು ಬರುವ ಹುಡುಗರು ವ್ಯಾಪಾರ ಮಾಡುವವರ ಖಾತೆಗೇ ಅದನ್ನು ಜೋಡಿಸಬೇಕು. ಸ್ಪೀಕರ್ ಕೂಗುವುದರಿಂದ ಪೇಮೆಂಟ್ ಬಂತೋ ಅಂತ ನೋಡಲು ದೊಡ್ಡ ಫೋನು ಬೇಕಾಗಿಲ್ಲ. ಕೀಪ್ಯಾಡ್ ಫೋನಿಗೂ 2022ರಿಂದ ಯುಪಿಐ 123ಪೇ ಇದೆ. ಅದನ್ನು ಬಳಸುವುದು ಹೇಗೆ ಅಂತ ಮಾರ್ಕೆಟ್‌ನಲ್ಲಿ ಕೂತು ತೋರಿಸುವವರು ಬೇಕು. ಈ ಕೆಲಸಕ್ಕೆ ಸಂಘದ ಹೆಂಗಸರಿಗಿಂತ ಒಳ್ಳೆಯವರು ಸಿಗಲಿಕ್ಕಿಲ್ಲ. ಅವರಿಗೆ ಸರಿಯಾದ ಕಮಿಷನ್ ಕೊಡಬೇಕು. ಇಲ್ಲಿ ಕಷ್ಟ ಇದೆ. 2020ರಿಂದ ಯುಪಿಐಗೆ ಅಂಗಡಿಯವರಿಂದ ಶುಲ್ಕ ಇಲ್ಲ, ಅದು ಜನರಿಗೆ ಒಳ್ಳೆಯದೇ. ಆದರೆ ಶುಲ್ಕವೇ ಇಲ್ಲದ ವ್ಯವಸ್ಥೆಯಲ್ಲಿ ಊರಿನ ಮನುಷ್ಯನಿಗೆ ಕೊಡುವ ದುಡ್ಡು ಎಲ್ಲಿಂದ ಬರಬೇಕು ಅಂತ ಸರಕಾರವೇ ತೀರ್ಮಾನಿಸಬೇಕು. ನನ್ನ ಮಟ್ಟಿಗೆ ಅದು ರಸ್ತೆಯ ಹಾಗೆ ಸಾರ್ವಜನಿಕ ಖರ್ಚು.

ಹಣ ಹೋದವರು ತಡ ಮಾಡಬಾರದು. ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಬರೆದು ಕೊಡಿ. ನಿಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹೊರಗಿನವರಿಂದ ನಡೆದ ಮೋಸವನ್ನು, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬರಬಾರದು ಅಂತ ರಿಸರ್ವ್ ಬ್ಯಾಂಕಿನ 2017ರ ನಿಯಮ ಇದೆ. ಬ್ಯಾಂಕ್ ಕೇಳದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಈ ನಿಯಮವನ್ನು ಪ್ರತಿ ಶಾಖೆಯ ಗೋಡೆಯ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದು ಹಾಕಲು ಎಷ್ಟು ಖರ್ಚಾಗುತ್ತದೆ ಹೇಳಿ.

ಮೂರು ತಿಂಗಳಿಗೊಮ್ಮೆ ಎರಡೂ ಜಿಲ್ಲೆಗಳಲ್ಲಿ, ಜಿಲ್ಲೆಯ ಬ್ಯಾಂಕುಗಳನ್ನು ಒಟ್ಟು ಸೇರಿಸುವ ಲೀಡ್ ಬ್ಯಾಂಕಿನ ಪರಿಶೀಲನಾ ಸಭೆ ನಡೆಯುತ್ತದೆ. ಎಷ್ಟು ಖಾತೆ ತೆರೆದರು, ಗುರಿಯಲ್ಲಿ ಎಷ್ಟು ಸಾಲ ಕೊಟ್ಟರು ಅಂತ ಅಲ್ಲಿ ಓದುತ್ತಾರೆ. ಜನಪ್ರತಿನಿಧಿಗಳು, ಮೀನುಗಾರರ ಸಂಘದವರು, ಬೀಡಿ ಕಾರ್ಮಿಕರ ಯೂನಿಯನ್‌ನವರು ಮುಂದಿನ ಸಭೆಯ ಮೊದಲು ಬೇರೆ ಮೂರು ಅಂಕಿ ಬರೆದು ಕೇಳಲಿ. ಜಿಲ್ಲೆಯ ಮಹಿಳಾ ವ್ಯಾಪಾರಿಗಳಲ್ಲಿ ಎಷ್ಟು ಜನರ ಸ್ಕ್ಯಾನರ್ ಅವರದೇ ಖಾತೆಗೆ ಜೋಡಿಸಿದೆ? ಜೂನ್, ಜುಲೈಯಲ್ಲಿ ಎಷ್ಟು ಕಂತು ಬೌನ್ಸ್ ಆಯಿತು, ಅದರ ಚಾರ್ಜ್ ಅಂತ ಎಷ್ಟು ಹಣ ಮುರಿದುಕೊಂಡರು? ಆಧಾರ್ ಮೂಲಕ ಹಣ ಹೋದ ದೂರುಗಳಲ್ಲಿ ಎಷ್ಟು ಜನರಿಗೆ ದುಡ್ಡು ವಾಪಸ್ ಬಂತು, ಎಷ್ಟು ದಿನದಲ್ಲಿ?